ಬೀಜೋಕ್ತಿಗಳ ಭಿನ್ನರಾಶಿ: ಮೊದಲು ಅಪವರ್ತನ, ಬಳಿಕ ಸಂಕ್ಷೇಪ

ಪ್ರೌಢಶಾಲಾ ಬೀಜಗಣಿತದಲ್ಲಿ ವಿದ್ಯಾರ್ಥಿಗಳು ಸುಲಭವಾಗಿ ಎಡವುವ ತಾಣಗಳಲ್ಲಿ ಬೀಜೋಕ್ತಿಗಳ ಭಿನ್ನರಾಶಿಯೂ ಒಂದು. ಅಂಶದಲ್ಲಿಯೂ ಛೇದದಲ್ಲಿಯೂ ಒಂದೇ ಪದ ಕಂಡೊಡನೆ ಎರಡರ ಮೇಲೂ ಗೆರೆ ಎಳೆದುಬಿಡುವ ಆತುರವೇ ಇದಕ್ಕೆ ಕಾರಣ. ವಾಸ್ತವವಾಗಿ ಹೊಡೆದುಹಾಕಬಹುದಾದದ್ದು ಸಾಮಾನ್ಯ ಅಪವರ್ತನವನ್ನು ಮಾತ್ರ. ಕೂಡಿಸಿದ ಅಥವಾ ಕಳೆದ ಪದವನ್ನಲ್ಲ.

ಅಂಕಿಗಳಲ್ಲಿ ಇದು ಸ್ಪಷ್ಟವಾಗುತ್ತದೆ. 15/20 ಎಂದರೆ (3 × 5)/(4 × 5). ಆದ್ದರಿಂದ 5 ಹೋಗಿ 3/4 ಉಳಿಯುತ್ತದೆ. ಆದರೆ (3 + 5)/(4 + 5) ಎಂಬಲ್ಲಿ 5ನ್ನು ಹೊಡೆದುಹಾಕುವಂತಿಲ್ಲ. ಅದರ ಬೆಲೆ 8/9.

ಬಹುಪದೋಕ್ತಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವ್ಯಕ್ತ ರಾಶಿಯನ್ನು 'ಯ' ಎಂದಿಟ್ಟುಕೊಂಡು (ಯ² − 9)/(ಯ² − 5ಯ + 6) ಎಂಬ ಭಿನ್ನರಾಶಿಯನ್ನು ಪರಿಶೀಲಿಸಬಹುದು. ಅಂಶವು ಎರಡು ವರ್ಗಗಳ ವ್ಯತ್ಯಾಸವಾದುದರಿಂದ ಅದು (ಯ + 3)(ಯ − 3) ಆಗುತ್ತದೆ. ಛೇದಕ್ಕೆ, ಗುಣಲಬ್ಧ 6 ಹಾಗೂ ಮೊತ್ತ −5 ಆಗುವ ಎರಡು ಸಂಖ್ಯೆಗಳು ಬೇಕು. ಅವು −2 ಮತ್ತು −3. ಹೀಗಾಗಿ ಛೇದವು (ಯ − 2)(ಯ − 3). ಎರಡರಲ್ಲಿಯೂ ಇರುವ (ಯ − 3) ಹೋದರೆ (ಯ + 3)/(ಯ − 2) ಉಳಿಯುತ್ತದೆ. ಇಲ್ಲಿ ಮತ್ತೆ 'ಯ'ಗಳನ್ನು ಹೊಡೆದುಹಾಕುವಂತಿಲ್ಲ. ಅವು ಪದಗಳೇ ಹೊರತು ಅಪವರ್ತನಗಳಲ್ಲ.

ತಾಳೆ ನೋಡುವುದೂ ಕಷ್ಟವಲ್ಲ. 'ಯ' ಬೆಲೆ 5 ಆದಾಗ ಮೂಲ ಭಿನ್ನರಾಶಿ 16/6, ಅಂದರೆ 8/3. ಸಂಕ್ಷಿಪ್ತ ರೂಪದ ಬೆಲೆಯೂ 8/3. ಆತುರದಲ್ಲಿ ಯ² ಹೊಡೆದುಹಾಕಿದ್ದರೆ 9/19 ಎಂಬ ತಪ್ಪು ಉತ್ತರ ದೊರೆಯುತ್ತಿತ್ತು.

ಮತ್ತೊಂದು ಎಚ್ಚರಿಕೆಯೂ ಅಗತ್ಯ. 'ಯ' ಬೆಲೆ 3 ಆದಾಗ ಸಂಕ್ಷಿಪ್ತ ರೂಪ 6 ಎಂಬ ಉತ್ತರ ನೀಡುತ್ತದೆ. ಮೂಲ ಭಿನ್ನರಾಶಿಯಾದರೋ 0/0 ಆಗಿ ಅರ್ಥ ಕಳೆದುಕೊಳ್ಳುತ್ತದೆ. ಆದುದರಿಂದ 'ಯ' ಬೆಲೆ 2 ಅಥವಾ 3 ಆಗಿರಬಾರದೆಂಬ ನಿರ್ಬಂಧವನ್ನು ಉತ್ತರದೊಂದಿಗೆ ನಮೂದಿಸಬೇಕು. ಅಪವರ್ತನ ಕಣ್ಮರೆಯಾದರೂ ಅದು ವಿಧಿಸಿದ ನಿರ್ಬಂಧ ಉಳಿದೇ ಇರುತ್ತದೆ.

ಸೊನ್ನೆಯಿಂದ ಭಾಗಿಸುವ ಈ ತೊಡಕು ಹೊಸದೇನಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. 12ನೇ ಶತಮಾನದ ಭಾಸ್ಕರಾಚಾರ್ಯರು ಅಂತಹ ರಾಶಿಯನ್ನು 'ಖಹರ' ಎಂದು ಕರೆದು, ಅನಂತವೆಂದು ಪರಿಗಣಿಸಿದರು. ಇಂದಿನ ಬೀಜಗಣಿತ ಈ ಎರಡನ್ನೂ ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಾಕಾರವನ್ನು ಅದು ವ್ಯಾಖ್ಯಾನಿಸಿಯೇ ಇಲ್ಲ.

ಒಟ್ಟಿನಲ್ಲಿ ಕ್ರಮ ಇಷ್ಟು: ಅಂಶ ಹಾಗೂ ಛೇದಗಳನ್ನು ಪೂರ್ಣವಾಗಿ ಅಪವರ್ತಿಸುವುದು, ಛೇದವನ್ನು ಸೊನ್ನೆಯಾಗಿಸುವ ಬೆಲೆಗಳನ್ನು ಗುರುತಿಸಿಕೊಳ್ಳುವುದು, ಆನಂತರವೇ ಸಾಮಾನ್ಯ ಅಪವರ್ತನವನ್ನು ಹೊಡೆದುಹಾಕುವುದು. ಈ ಕ್ರಮ ತಪ್ಪದಿದ್ದರೆ ಉತ್ತರವೂ ತಪ್ಪದು.