ಒಂದು ಅಕ್ಷರದೊಳಗಿನ ಅಂಗಡಿ

ಇಂಗ್ಲಿಷಿನ ‘ಸ್ಟೇಷನರಿ’ಗೆ ಉಚ್ಚಾರಣೆ ಒಂದು, ಕಾಗುಣಿತ ಎರಡು. ಬಾಲದಲ್ಲಿ ‘ಎ’ ಬಂದರೆ ನಿಂತಲ್ಲೇ ನಿಂತದ್ದು, ‘ಇ’ ಬಂದರೆ ಕಾಗದ, ಶಾಯಿ, ಲಕೋಟೆ. ಎನ್ವಲಪ್ ‘ಇ’ಯಿಂದ ಶುರುವಾಗುತ್ತದೆ, ಹಾಗೆ ನೆನಪಿಟ್ಟುಕೊಳ್ಳಿ ಎಂದು ಮೇಷ್ಟ್ರುಗಳು ಹೇಳಿಕೊಡುವುದುಂಟು. ಪರೀಕ್ಷೆಗೆ ಈ ಉಪಾಯ ಸಾಕು. ಆದರೆ ಸಂಬಂಧವಿಲ್ಲದ ಎರಡು ಪದಗಳು ಅಕಸ್ಮಾತ್ತಾಗಿ ಒಂದೇ ಥರ ಕೇಳಿಸುತ್ತಿವೆ ಎಂಬ ಭ್ರಮೆಯೂ ಅದರಿಂದಲೇ ಹುಟ್ಟುತ್ತದೆ. ಇವೆರಡೂ ಒಂದೇ ಬೇರಿನವು. ಆ ‘ಇ’ಯೊಳಗೆ ಒಬ್ಬ ಅಂಗಡಿಕಾರ ಕೂತಿದ್ದಾನೆ.

ಲ್ಯಾಟಿನ್ನಿನ ‘ಸ್ಟೇಷಿಯೊ’ ಎಂದರೆ ನಿಲ್ಲುವ ಜಾಗ, ಠಾಣೆ. ನಮ್ಮ ರೈಲ್ವೆ ಸ್ಟೇಷನ್ನಿನ ಮೂಲವೂ ಅದೇ. ಹದಿಮೂರನೆಯ ಶತಮಾನದ ಬೊಲೋನ್ಯಾ, ಪ್ಯಾರಿಸ್ ವಿಶ್ವವಿದ್ಯಾಲಯಗಳ ಆಸುಪಾಸಿನಲ್ಲಿ ‘ಸ್ಟೇಷನೇರಿಯಸ್’, ಅಂದರೆ ಊರೂರು ತಿರುಗದೆ ಒಂದೇ ಕಡೆ ನೆಲೆ ನಿಂತವರು, ಎಂಬ ವರ್ತಕರಿದ್ದರು. ಪಠ್ಯದ ಮೂಲಪ್ರತಿಯನ್ನು ಹೊಲಿಯದೆ ಬಿಡಿ ಕಟ್ಟುಗಳಾಗಿ ಇಟ್ಟುಕೊಂಡು, ನಕಲು ಮಾಡಿಕೊಳ್ಳಲು ಒಂದೊಂದನ್ನೇ ಬಾಡಿಗೆಗೆ ಕೊಡುವುದು ಅವರ ಕಸುಬು. ಒಬ್ಬ ಮೊದಲ ಕಟ್ಟು ಬರೆದುಕೊಳ್ಳುತ್ತಿದ್ದರೆ ಇನ್ನೊಬ್ಬ ಮೂರನೆಯದನ್ನು ಒಯ್ದಿರುತ್ತಿದ್ದ. ಹೀಗೆ ಒಂದೇ ಪುಸ್ತಕ ಏಕಕಾಲಕ್ಕೆ ಹಲವರ ಕೈಯಲ್ಲಿ ಪ್ರತಿಯಾಗುತ್ತಿತ್ತು. ಪ್ರತಿ ಶುದ್ಧವಾಗಿದೆಯೇ, ಬಾಡಿಗೆ ಹೆಚ್ಚಾಯಿತೇ ಎಂದು ವಿಶ್ವವಿದ್ಯಾಲಯ ಕಣ್ಣಿಡುತ್ತಿತ್ತು. ರೊಟ್ಟಿ ಮಾರುವವನೂ ಒಂದೇ ಕಡೆ ಇರುತ್ತಿದ್ದನಲ್ಲ, ಅವನಿಗೇಕೆ ಈ ಹೆಸರು ಬರಲಿಲ್ಲ ಎಂದು ಯಾರಾದರೂ ಕೇಳಬಹುದು. ನನಗೆ ತೋಚುವುದಿಷ್ಟು: ರೊಟ್ಟಿ ಕೊಂಡವನು ತಿಂದು ಕೈ ತೊಳೆಯುತ್ತಾನೆ, ಕಟ್ಟು ಒಯ್ದವನು ಅದನ್ನು ಹಿಂದಿರುಗಿಸಬೇಕು. ಕೊಟ್ಟವನು ನಾಳೆಯೂ ಅಲ್ಲೇ ಸಿಗಬೇಕು. ಸಂತೆಯಿಂದ ಸಂತೆಗೆ ಹೋಗುವವನಿಂದ ಆ ವ್ಯಾಪಾರ ಆಗದು.

ಲಂಡನ್ನಿನಲ್ಲಿ ಲಿಪಿಕಾರರು, ಪುಟಗಳಿಗೆ ಬಣ್ಣ ತುಂಬುವವರು, ಪುಸ್ತಕ ಕಟ್ಟಿ ಮಾರುವವರು 1403ರಲ್ಲಿ ಸಂಘ ಕಟ್ಟಿಕೊಂಡರು. ಸೇಂಟ್ ಪಾಲ್ಸ್ ಇಗರ್ಜಿಯ ಸುತ್ತಮುತ್ತ ಅವರ ಅಂಗಡಿಗಳು. ಇದೇ ಮುಂದೆ ಸ್ಟೇಷನರ್ಸ್ ಕಂಪನಿಯಾಗಿ 1557ರಲ್ಲಿ ರಾಜಸನ್ನದು ಪಡೆಯಿತು. ಅಲ್ಲಿಂದಾಚೆ, ಕೆಲವು ವಿನಾಯಿತಿ ಬಿಟ್ಟರೆ, ಅದರ ಸದಸ್ಯರಲ್ಲದವರು ಇಂಗ್ಲೆಂಡಿನಲ್ಲಿ ಅಚ್ಚು ಹಾಕುವಂತಿರಲಿಲ್ಲ. ಶೇಕ್ಸ್‌ಪಿಯರನ ನಾಟಕಗಳ ಮೊದಲ ಫೋಲಿಯೋ ಕೂಡ 1623ರಲ್ಲಿ ಈ ಕಂಪನಿಯ ದಫ್ತರಕ್ಕೆ ಏರಿತು. ಆಗ ಸ್ಟೇಷನರ್ ಎಂದರೆ ಪುಸ್ತಕಲೋಕದ ಯಜಮಾನ. ಆದರೆ ಅಚ್ಚಿನ ಕಸುಬು ಬೆಳೆದಂತೆ ಮನೆ ಪಾಲಾಯಿತು: ಅಚ್ಚುಕೂಟ ಮುದ್ರಕನಿಗೆ, ಪುಸ್ತಕ ಬುಕ್‌ಸೆಲ್ಲರ್‌ಗೆ. ಹಳೆಯ ಹೆಸರು ಹೊತ್ತವನಿಗೆ ಉಳಿದದ್ದು ಖಾಲಿ ಕಾಗದ. ಅವನ ಸರಕಿಗೆ, ಗ್ರೋಸರನ ಸಾಮಾನು ಗ್ರೋಸರಿಯಾದ ಹಾಗೆ, ಸ್ಟೇಷನರಿ ಎಂದು ಹೆಸರಾಯಿತು. 1786ರಲ್ಲಿ ಬ್ರಿಟಿಷ್ ಸರ್ಕಾರ ಕಚೇರಿಗಳಿಗೆ ಕಾಗದ ಒದಗಿಸಲೆಂದೇ ಸ್ಟೇಷನರಿ ಆಫೀಸ್ ತೆರೆದದ್ದು ಈ ಅರ್ಥದಲ್ಲಿ. ಆ ಕಾಲದ ಬರಹಗಳಲ್ಲಿ ಎರಡು ಕಾಗುಣಿತಗಳೂ ಕಲಸಿಕೊಂಡಿರುವಾಗ ‘ಇ’ಗೆ ಇಷ್ಟು ಮಹತ್ವವೇಕೆ ಎನ್ನುವವರಿದ್ದಾರೆ. ಭೇದ ತಡವಾಗಿ ಗಟ್ಟಿಯಾಯಿತೆಂಬುದು ನಿಜ, ಆದರೆ ‘ಇ’ಯನ್ನು ಯಾರೂ ಚೀಟಿ ಎತ್ತಿ ಆರಿಸಲಿಲ್ಲ, ಅದು ಆ ವರ್ತಕನ ಹೆಸರಿನಲ್ಲಿ ಮೊದಲೇ ಇತ್ತು.

ಕನ್ನಡ ಲಿಪಿಗೆ ಈ ತಾಪತ್ರಯವಿಲ್ಲ, ಎರಡನ್ನೂ ಒಂದೇ ಥರ ಬರೆಯುತ್ತೇವೆ. ನಮ್ಮ ಶಾಲೆಗಳ ಎದುರಿನ ‘ಬುಕ್ಸ್ ಅಂಡ್ ಸ್ಟೇಷನರಿ’ ಫಲಕದ ಕೆಳಗಂತೂ, ಲಂಡನ್ನಿನಲ್ಲಿ ಪಾಲಾದ ಆ ಎರಡು ವ್ಯಾಪಾರಗಳು ಮತ್ತೆ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ನಡೆಯುತ್ತಿವೆ.