ಮಂಜಮ್ಮ ಜೋಗತಿ

ಎಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರ ನೃತ್ಯದ ಕಲಾವಿದೆ, ಎಲ್ಲಮ್ಮನಾಟದ ನಟಿ, ಹಾಡುಗಾರ್ತಿ. ಹುಟ್ಟಿದ ಊರು ಬಳ್ಳಾರಿ ಜಿಲ್ಲೆಯ ಕಲ್ಲುಕಂಬ, ಹುಟ್ಟುಹೆಸರು ಮಂಜುನಾಥ ಶೆಟ್ಟಿ. ನೆಲೆ ನಿಂತದ್ದು ವಿಜಯನಗರ ಜಿಲ್ಲೆಯ ಮರಿಯಮ್ಮನಹಳ್ಳಿಯಲ್ಲಿ.

ಬದುಕು

ಹದಿಹರೆಯದಲ್ಲೇ ತಾನು ಹೆಣ್ಣೆಂದು ಕಂಡುಕೊಂಡ ಮಗುವನ್ನು ಮನೆಯವರು ಹುಲಿಗೆಮ್ಮ ದೇವಿಯ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿ ಜೋಗತಿಯಾಗಿಸಿದರು. ಮಂಜಮ್ಮ ಎಂಬ ಹೆಸರು ಬಂದದ್ದು ಆಗ. ಮುಂದೆ ಮನೆ ತೊರೆದು ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ದಾವಣಗೆರೆಯಲ್ಲಿ ತಂದೆಯೊಬ್ಬ ಹಾಡಲು ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ಅವರಲ್ಲೇ ಮೊದಲ ಹೆಜ್ಜೆ ಕಲಿತರು. ಆ ಕಲೆ ಹದಗೊಂಡದ್ದು ಹಗರಿಬೊಮ್ಮನಹಳ್ಳಿಯ ಹಿರಿಯ ಕಲಾವಿದೆ ಕಾಳವ್ವ ಜೋಗತಿಯವರ ಕೈಯಲ್ಲಿ. ಕಾಳವ್ವ ತೀರಿಕೊಂಡ ಮೇಲೆ ಅವರ ಮೇಳದ ಹೊಣೆ ಮಂಜಮ್ಮನವರದಾಯಿತು.

ಎಲ್ಲಮ್ಮನಾಟ ಮತ್ತು ಚೌಡಿಕೆ

ಜೋಗತಿಯ ಕುಣಿತವನ್ನು ಆಟದಿಂದ ಬೇರ್ಪಡಿಸಿ ನೋಡಿದರೆ ಅರ್ಧವೇ ಕಾಣುತ್ತದೆ. ಕಥೆ ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಯದು. ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆಯಾಗಿಸಿ ಗಂಡ ಜಮದಗ್ನಿಗೆ ನೀರು ತರುತ್ತಿದ್ದವಳ ಚಿತ್ತ ಒಂದು ದಿನ ಚಂಚಲವಾಗುತ್ತದೆ, ಕೊಡ ನಿಲ್ಲುವುದಿಲ್ಲ. ಶಾಪ, ತೊನ್ನು, ಕಾಡುಪಾಲು, ಎಕ್ಕಯ್ಯ ಜೋಗಯ್ಯರೆಂಬ ಸಾಧುಗಳ ಆಸರೆ, ಮಗ ಪರಶುರಾಮನ ಕೊಡಲಿ ಒಂದರ ಹಿಂದೊಂದು ಬರುತ್ತವೆ. ಜೋಗತಿಯ ತಲೆಯ ಮೇಲಿನ ಕೊಡ ಈ ಕಥೆಯಿಂದಲೇ ಇಳಿದು ಬಂದಿರಬೇಕು. ಮನೆಯಿಂದ ಹೊರಬಿದ್ದ ರೇಣುಕೆಯ ಪಾತ್ರವನ್ನು ಮನೆಯಿಂದ ಹೊರಬಿದ್ದವರೇ ಕಟ್ಟುವುದು ಈ ಆಟದ ಬಲ.

ಹಾಡಿಗೆ ಆಧಾರ ಚೌಡಿಕೆ. ಟೊಳ್ಳಾದ ಮರದ ಕೊಳಗವೊಂದರ ತಳಕ್ಕೆ ತೊಗಲು ಬಿಗಿದು, ಅದರ ನಡುವಿನಿಂದ ತಂತಿ ಎಳೆದು, ಪಕ್ಕದಲ್ಲಿ ನೆಟ್ಟ ದಂಡಿಗೆಯ ತುದಿಗೆ ಕಟ್ಟುತ್ತಾರೆ. ಕೊಳಗವನ್ನು ಕಂಕುಳಲ್ಲಿ ಇರುಕಿಕೊಂಡು ಕಡ್ಡಿಯಿಂದ ಮೀಟಬೇಕು. ತಂತಿಯ ಬಿಗಿ ಬದಲಾದಂತೆ ನಾದ ಏರಿಳಿಯುತ್ತದೆ. ತಂತಿಯ ನಡುಕವನ್ನು ತೊಗಲು ಹಿಗ್ಗಿಸುವುದರಿಂದ ಒಂದೇ ವಾದ್ಯ ಶ್ರುತಿಯನ್ನೂ ಲಯವನ್ನೂ ಹಿಡಿದು ಕೊಡುತ್ತದೆ. ಜತೆಗೆ ತಾಳ, ಸೊಲ್ಲಿನ ಕೊನೆಗೆ ಮೇಳದವರ ‘ಉಧೋ ಉಧೋ’. ತಲೆಯ ಮೇಲಿನ ಕೊಡವನ್ನು ಕೈಯಿಂದ ಮುಟ್ಟದೆ ಬಾಗಿ, ತಿರುಗಿ ಕುಣಿಯುವಾಗ ಕತ್ತಿನ ನಿಲುವು ಕದಲಬಾರದು; ಚಲನೆಯೆಲ್ಲ ಸೊಂಟ ಮತ್ತು ಪಾದದ್ದು. ಗುಡಿಯಂಗಳದ ಈ ವಿದ್ಯೆಯನ್ನು ನಾಡಿನ ವೇದಿಕೆಗಳಿಗೆ ದಾಟಿಸಿದ್ದು ಮಂಜಮ್ಮನವರ ದೊಡ್ಡ ಕೆಲಸ, ಪ್ರಶಸ್ತಿಗಳಿಗಿಂತ ದೊಡ್ಡದು.

ಮನ್ನಣೆ

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಇವರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ದೃಷ್ಟಿ ತೆಗೆದದ್ದು ದೇಶವೆಲ್ಲ ಕಂಡ ದೃಶ್ಯ. ಇವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕೃತಿಯನ್ನು ನಿರೂಪಿಸಿದವರು ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಇದೇ ಬದುಕನ್ನು ಆಧರಿಸಿ ಬೇಲೂರು ರಘುನಂದನ್ ‘ಮಾತಾ’ ಎಂಬ ನಾಟಕ ರಚಿಸಿದ್ದಾರೆ.