ಮನೆಯೊಳಗಿನ ತರಂಗ: ರೂಟರಿನ ಆಯ್ಕೆಗೊಂದು ಚರಿತ್ರೆ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಿಗೆ ಇಂದು ಕನ್ನಡವು ಬಹುಪಾಲು ಒಂದು ಸಣ್ಣ ಪೆಟ್ಟಿಗೆಯ ಮೂಲಕವೇ ಬರುತ್ತದೆ. ಬೆಳಗಿನ ಪತ್ರಿಕೆ, ಯಕ್ಷಗಾನದ ನೇರ ಪ್ರಸಾರ, ಮಕ್ಕಳ ವಾರಾಂತ್ಯದ ಕನ್ನಡ ತರಗತಿ, ಊರಿನಲ್ಲಿರುವ ಹಿರಿಯರ ಮುಖ ಇವೆಲ್ಲವೂ ಅದರ ಹಂಗಿನಲ್ಲಿವೆ. ಆದರೂ ಆ ರೂಟರನ್ನು ಕೊಳ್ಳುವಾಗ ನಾವು ನೋಡುವುದು ಎರಡೇ ಸಂಗತಿ: ಬೆಲೆ ಎಷ್ಟು, ಆಂಟೆನಾ ಎಷ್ಟು. ತಂದ ಮೇಲೆ ಹಜಾರದಲ್ಲಿ ಚೆನ್ನಾಗಿರುವ ಸಂಪರ್ಕ ಹಿಂದಿನ ಕೋಣೆಯಲ್ಲಿ ತೊದಲುತ್ತದೆ. ಸಾಮಾನ್ಯವಾಗಿ ಆ ಕೋಣೆಯಲ್ಲಿರುವವರು ಮನೆಯ ಹಿರಿಯರು. ಊರಿನ ದನಿ ಹೆಚ್ಚು ಬೇಕಾಗಿರುವುದೂ ಅವರಿಗೇ. ಈ ತೊದಲಿಗೆ ಕಾರಣವನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಚರಿತ್ರೆಯಲ್ಲಿ ಹುಡುಕುವುದು ಲೇಸು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಒಂದೊಂದು ಅಂಕಿಯೂ ಹಿಂದೆ ಯಾರೋ ಎಲ್ಲಿಯೋ ಕೈಗೊಂಡ ಒಂದು ತೀರ್ಮಾನದ ಗುರುತು.

ಮನೆಯೊಂದರಿಂದ ನಿಸ್ತಂತು ತರಂಗ ಹೊರಡುವುದು ಕನ್ನಡಿಗರಿಗೆ ಹೊಸ ಮಾತಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಾನುಲಿಗೆ ಅಂಟಿದ್ದು ಆ ಕೇಂದ್ರದಿಂದಲೇ. ದೇಶದ ಪ್ರಸಾರ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡದ್ದು ಎರಡು ದಶಕಗಳ ತರುವಾಯ. ಅಂಥ ಸಾಹಸ ಅಂದು ಎಲ್ಲರಿಗೂ ಸಾಧ್ಯವಿರಲಿಲ್ಲ. 1933ರ ಭಾರತೀಯ ನಿಸ್ತಂತು ತಂತಿ ಕಾಯ್ದೆಯು ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಸಾರಿತ್ತು. ಬರಿದೆ ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಶುಲ್ಕ ತೆತ್ತು ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಕಾಲವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಗಾಳಿ ಎಲ್ಲರದಾದರೂ ಗಾಳಿಯಲ್ಲಿ ಹಾಯುವ ತರಂಗ ಸರ್ಕಾರದ್ದು ಎಂಬುದು ಅಂದಿನ ತಿಳಿವಳಿಕೆ. ಈ ತಿಳಿವಳಿಕೆ ಸಡಿಲಗೊಂಡ ಬಗೆಯೇ ರೂಟರಿನ ಚರಿತ್ರೆ.

ಆ ಚರಿತ್ರೆಯ ಮೊದಲ ಹೆಜ್ಜೆ ಹವಾಯಿ ದ್ವೀಪಗಳಲ್ಲಿ ಕಾಣುತ್ತದೆ. ಕಡಲಿನಿಂದ ಬೇರ್ಪಟ್ಟ ದ್ವೀಪಗಳ ನಡುವೆ ಕಂಪ್ಯೂಟರುಗಳನ್ನು ಜೋಡಿಸಬೇಕಿತ್ತು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಂಸನ್ ಮತ್ತು ಅವರ ಸಂಗಡಿಗರು 1971ರಲ್ಲಿ 'ಅಲೋಹಾನೆಟ್' ಎಂಬ ನಿಸ್ತಂತು ಜಾಲವನ್ನು ನಡೆಗೆ ತಂದರು. ಅದರ ನಿಯಮ ಸರಳವಾಗಿತ್ತು. ಮಾತಾಡಬೇಕಾದವರು ಮಾತಾಡಲಿ, ಇಬ್ಬರ ಮಾತು ಡಿಕ್ಕಿ ಹೊಡೆದು ಕೆಟ್ಟರೆ ಇಬ್ಬರೂ ಇಷ್ಟೇ ಎಂದು ಗೊತ್ತಿಲ್ಲದ ಸ್ವಲ್ಪ ಹೊತ್ತು ಕಾದು ಮತ್ತೆ ನುಡಿಯಲಿ. ನಮ್ಮ ಮನೆಯ ರೂಟರು ಇಂದಿಗೂ ಇದೇ ಕುಲದ್ದು. ಅದು ಮಾತಿಗೆ ಮೊದಲು ಕಿವಿಗೊಡುತ್ತದೆ, ಬೇರೆಯವರು ನುಡಿಯುತ್ತಿದ್ದರೆ ಕಾಯುತ್ತದೆ. ಅಕ್ಕಪಕ್ಕದ ಹತ್ತು ಮನೆಗಳ ರೂಟರುಗಳು ಒಂದೇ ಚಾನೆಲ್‌ನಲ್ಲಿದ್ದರೆ ಎಲ್ಲವೂ ತಮ್ಮ ಸರದಿಗಾಗಿ ಕಾಯುತ್ತ ಕೂರಬೇಕಾಗುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ಸಂಜೆಯಾಗುತ್ತಲೇ ಸಂಪರ್ಕ ನಿಧಾನಿಸುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಹೆಜ್ಜೆ ಕಾನೂನಿನದು. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು ಕೆಲವು ಆವರ್ತನ ಪಟ್ಟಿಗಳನ್ನು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಉಪಕರಣಗಳಿಗಾಗಿ ಬಿಟ್ಟುಕೊಟ್ಟಿತ್ತು. 2.4 ಗಿಗಾಹರ್ಟ್ಸ್ ಪಟ್ಟಿ ಅವುಗಳಲ್ಲೊಂದು. ಅಡುಗೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅಲ್ಲಿಯೇ. ಸಂಪರ್ಕದ ಕೆಲಸಕ್ಕೆ ಅದು ಗದ್ದಲದ ಸಂತೆಯಂತಿದ್ದುದರಿಂದ ಯಾರೂ ಅದಕ್ಕೆ ಆಸೆಪಟ್ಟಿರಲಿಲ್ಲ. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗವು ಆ ದೇಶದಲ್ಲಿ ಇಂಥ ಮೂರು ಪಟ್ಟಿಗಳಲ್ಲಿ, ಸಂಕೇತವನ್ನು ಅಗಲವಾಗಿ ಹರಡಿ ಕಳುಹಿಸುವ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು ಒಪ್ಪಿಗೆಯಿತ್ತಿತು. ಆಯೋಗದ ಎಂಜಿನಿಯರ್ ಮೈಕಲ್ ಮಾರ್ಕಸ್ ಇದರ ಹಿಂದೆ ಪಟ್ಟುಹಿಡಿದು ನಿಂತವರು. ಯಾರಿಗೂ ಬೇಡವಾಗಿದ್ದ ಬಂಜರು ಭೂಮಿ ಹೀಗೆ ಸಾರ್ವಜನಿಕ ಗೋಮಾಳವಾಯಿತು.

ಗೋಮಾಳವೆಂದ ಮೇಲೆ ದನಗಳು ಬರದಿರುವವೇ? ಮೊದಲು ಬಂದವರಲ್ಲಿ ಅಂಗಡಿಗಳ ಹಣದ ಯಂತ್ರಗಳನ್ನು ತಯಾರಿಸುತ್ತಿದ್ದ ಎನ್‌ಸಿಆರ್ ಸಂಸ್ಥೆಯೂ ಒಂದು. ಅಂಗಡಿಯ ವಿನ್ಯಾಸ ಬದಲಾದಾಗಲೆಲ್ಲ ತಂತಿಗಳನ್ನು ಕಿತ್ತು ಎಳೆಯುವ ಖರ್ಚನ್ನು ತಪ್ಪಿಸುವುದು ಅದರ ಉದ್ದೇಶ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಬಳಿ ಇದ್ದ ಅದರ ಎಂಜಿನಿಯರುಗಳು 'ವೇವ್‌ಲ್ಯಾನ್' ಎಂಬ ಉಪಕರಣವನ್ನು ರೂಪಿಸಿದರು. ಅದೇ ಬಳಗದ ವಿಕ್ ಹೇಯ್ಸ್ 1990ರಿಂದ ಹತ್ತು ವರ್ಷ ಐಇಇಇ ಸಂಸ್ಥೆಯ 802.11 ಸಮಿತಿಯ ಅಧ್ಯಕ್ಷರಾಗಿದ್ದು, ಜಗಳವಾಡುತ್ತಿದ್ದ ಕಂಪನಿಗಳನ್ನು ಒಂದೇ ಮಾನದಂಡಕ್ಕೆ ಒಪ್ಪಿಸಿದರು. 1997ರಲ್ಲಿ ಹೊರಬಂದ ಆ ಮೊದಲ ಮಾನದಂಡದ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಎರಡೇ ವರ್ಷಗಳಲ್ಲಿ ಅದು 11 ಮೆಗಾಬಿಟ್ಟಿಗೇರಿತು. 1999ರಲ್ಲಿಯೇ ವೈ-ಫೈ ಎಂಬ ಹೆಸರೂ ಹುಟ್ಟಿತು. ಅದಕ್ಕೆ ವಿಸ್ತೃತ ರೂಪವೇನೂ ಇಲ್ಲ. ಹೆಸರಿಡುವುದನ್ನೇ ಕಸುಬಾಗಿಸಿಕೊಂಡ ಒಂದು ಸಂಸ್ಥೆ ಕಿವಿಗೆ ಇಂಪಾಗಿರಲೆಂದು ಕೊಟ್ಟ ಹೆಸರದು. ಅದೇ ವರ್ಷದ ಜುಲೈನಲ್ಲಿ ಆಪಲ್ ಸಂಸ್ಥೆ ತನ್ನ ಏರ್‌ಪೋರ್ಟ್ ಕೇಂದ್ರವನ್ನು 299 ಡಾಲರಿಗೆ ಮಾರಾಟಕ್ಕಿಟ್ಟಿತು. ಅಂಗಡಿಗಾಗಿ ಹುಟ್ಟಿದ ತಂತ್ರ ಮನೆಯ ಹೊಸ್ತಿಲನ್ನು ದಾಟಿತು.

ಹೊಸ್ತಿಲು ದಾಟಿದರೂ ಗೋಡೆಗಳು ಉಳಿದಿದ್ದವು. ಮನೆಯೊಳಗೆ ತರಂಗವು ಗೋಡೆಗೆ, ನೆಲಕ್ಕೆ, ಬೀರುವಿಗೆ ಬಡಿದು ಮರುಳುತ್ತದೆ. ಒಂದೇ ಮಾತು ಹಲವು ದಾರಿಗಳಲ್ಲಿ ಹಿಂದೆ ಮುಂದೆ ತಲುಪಿ ಕಲಸಿಹೋಗುತ್ತದೆ. ಗುಮ್ಮಟದೊಳಗೆ ವೇಗವಾಗಿ ಮಾತಾಡಿದರೆ ಏನಾಗುವುದೋ ಅದೇ ಇದು. ಇದಕ್ಕೆ ಫಲಕಾರಿಯಾದ ಪರಿಹಾರವೊಂದನ್ನು ಕಂಡವರು ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ಒದ ಜಾನ್ ಓಸಲಿವನ್ ಮತ್ತು ಅವರ ಸಹೋದ್ಯೋಗಿಗಳು. ಓಸಲಿವನ್ ಅದಕ್ಕೂ ಮೊದಲು ಸಿಡಿಯುವ ಕಿರು ಕಪ್ಪುಕುಳಿಗಳ ರೇಡಿಯೋ ಸದ್ದನ್ನು ಅರಸಿದ್ದವರು. ಆ ಸದ್ದು ಸಿಗಲಿಲ್ಲ. ಮಸುಕಾದ ಸಂಕೇತವನ್ನು ಬಿಡಿಸಿಕೊಳ್ಳುವ ಗಣಿತ ಮಾತ್ರ ಕೈಯಲ್ಲಿ ಉಳಿಯಿತು. ಒಂದು ವೇಗದ ಮಾತನ್ನು ಹಲವು ನಿಧಾನದ ಮಾತುಗಳಾಗಿ ಸೀಳಿ, ಹಲವು ಆವರ್ತನಗಳಲ್ಲಿ ಒಟ್ಟಿಗೆ ಕಳುಹಿಸಿದರೆ ಮರುದನಿಯ ಕಾಟ ತಗ್ಗುತ್ತದೆ. ಈ ವಿಧಾನಕ್ಕೆ ಅಮೆರಿಕದ ಪೇಟೆಂಟ್ 1996ರಲ್ಲಿ ದೊರೆಯಿತು. ಅದನ್ನು ಬಳಸಿದ ಕಂಪನಿಗಳಿಂದ ಆ ಸಂಸ್ಥೆ ಮುಂದೆ 40 ಕೋಟಿಗೂ ಹೆಚ್ಚು ಆಸ್ಟ್ರೇಲಿಯನ್ ಡಾಲರುಗಳನ್ನು ಪಡೆಯಿತು. ನಟಿ ಹೆಡಿ ಲಮಾರ್ ವೈ-ಫೈಯನ್ನು ಕಂಡುಹಿಡಿದರೆಂಬ ಮಾತು ಈಗ ಬಹಳ ಪ್ರಚಾರದಲ್ಲಿದೆ. ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆಗೂಡಿ ಆಕೆ 1942ರಲ್ಲಿ ಪಡೆದ ಪೇಟೆಂಟ್ ಗೌರವಕ್ಕೆ ಅರ್ಹವಾದದ್ದೇ. ಆದರೆ ಆವರ್ತನದಿಂದ ಆವರ್ತನಕ್ಕೆ ಜಿಗಿಯುವ ಆ ವಿಧಾನವು 1997ರ ಮಾನದಂಡದಲ್ಲಿ ಒಂದು ಆಯ್ಕೆಯಾಗಿದ್ದು, ಬಳಿಕದ ವೈ-ಫೈ ತಲೆಮಾರುಗಳಲ್ಲಿ ಕೈಬಿಟ್ಟುಹೋಯಿತು.

ಭಾರತದಲ್ಲಿ ಬಾಗಿಲು ಸರಿಯಾಗಿ ತೆರೆದದ್ದು 2005ರ ಜನವರಿಯಲ್ಲಿ. ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿದವು. 1933ರ ಕಾಯ್ದೆಯ ಹಿಡಿತದಿಂದ ನಮ್ಮ ಹಜಾರದ ಒಂದು ಮೂಲೆ ಹೀಗೆ ಬಿಡುಗಡೆ ಹೊಂದಿತು. ಆಗಿನ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್. ಅಂದಿನ ರೂಟರಿನ ಸಾಮರ್ಥ್ಯ 54 ಮೆಗಾಬಿಟ್. ಬೀದಿಯ ನಲ್ಲಿ ತೊಟ್ಟಿಕ್ಕುತ್ತಿದ್ದಾಗ ಮನೆಯೊಳಗಿನ ಕೊಳವೆ ಎಷ್ಟು ದಪ್ಪವೆಂದು ಯಾರು ಕೇಳುತ್ತಾರೆ? ಯಾವ ರೂಟರಾದರೂ ಸಾಕಾಗುತ್ತಿತ್ತು. ಈಗ ನೂರಾರು ಮೆಗಾಬಿಟ್ಟಿನ ಫೈಬರ್ ಬಾಗಿಲಿಗೆ ಬಂದಿದೆ. ಕೊರತೆ ಬೀದಿಯಿಂದ ಮನೆಯೊಳಕ್ಕೆ ಸರಿದಿದೆ. ನಮ್ಮ ಅಭ್ಯಾಸ ಮಾತ್ರ ಹಳೆಯ ಕಾಲದಲ್ಲಿಯೇ ನಿಂತಿದೆ. ಹಿಂದಿನ ಕೋಣೆ ತೊದಲಿದಾಗ ನಾವು ಇನ್ನೂ ದುಬಾರಿಯಾದ ಯೋಜನೆಗೆ ಹಣ ಕಟ್ಟುತ್ತೇವೆ. ಹಣ ಹೋಗುತ್ತದೆ, ತೊದಲು ಉಳಿಯುತ್ತದೆ.

2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ವಿಶಾಲ ಭಾಗವೂ ಪರವಾನಗಿಯಿಂದ ಮುಕ್ತವಾಯಿತು. ಇಂದಿನ ರೂಟರುಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿಯೂ ನುಡಿಯುತ್ತವೆ. ಇವೆರಡರ ಗುಣವನ್ನು ಅರಿತರೆ ಆಯ್ಕೆ ಅರ್ಧ ಮುಗಿದಂತೆ. 2.4ರ ತರಂಗದ ಅಲೆಯುದ್ದ ಸುಮಾರು 12 ಸೆಂಟಿಮೀಟರ್. ಅದು ಗೋಡೆಯನ್ನು ಹೆಚ್ಚು ಸಹಿಸುತ್ತದೆ, ಆದರೆ ಅಲ್ಲಿ ಒಂದನ್ನೊಂದು ತುಳಿಯದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರು ಮಾತ್ರ. 5ರ ಅಲೆಯುದ್ದ ಅದರ ಅರ್ಧಕ್ಕಿಂತ ಕಡಿಮೆ. ದಾರಿ ವಿಶಾಲ, ವೇಗ ಹೆಚ್ಚು, ಆದರೆ ಒಂದೆರಡು ದಪ್ಪ ಗೋಡೆಗಳಲ್ಲಿಯೇ ಸೊರಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಅಂತರಜಾಲದಲ್ಲಿ ನಾವು ಓದುವ ಹೊಗಳಿಕೆಗಳಲ್ಲಿ ಎಷ್ಟೋ ಅಮೆರಿಕದ ಮನೆಗಳಲ್ಲಿ ಹುಟ್ಟಿದವು. ಅಲ್ಲಿಯ ಒಳಗೋಡೆ ಬಹುಮಟ್ಟಿಗೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಮುಂಬಯಿ, ಪುಣೆ, ದೆಹಲಿಗಳ ನಮ್ಮ ಮನೆಗಳದ್ದು ಇಟ್ಟಿಗೆ ಅಥವಾ ಕಬ್ಬಿಣದ ಸರಳು ಹೊತ್ತ ಕಾಂಕ್ರೀಟ್. ಅದರ ಮೇಲೆ ಉಕ್ಕಿನ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ. ಲೋಹ ತರಂಗವನ್ನು ಹಿಂದಕ್ಕೆ ಅಟ್ಟುತ್ತದೆ, ನೀರು ಹೀರಿಕೊಳ್ಳುತ್ತದೆ. ಅಲ್ಲಿ ಒಂದು ರೂಟರಿಗೆ ದಕ್ಕಿದ ಮನೆ ಇಲ್ಲಿ ದಕ್ಕಲೇಬೇಕೆಂದಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನೂ ಬಿಡಿಸಿ ಓದಬೇಕು. 2018ರಿಂದ ಮಾನದಂಡಗಳಿಗೆ ವೈ-ಫೈ 4, 5, 6 ಎಂಬ ಸುಲಭ ಸಂಖ್ಯೆಗಳು ಬಂದಿವೆ. 2024ರ ಆರಂಭದಿಂದ 7ನೆಯದಕ್ಕೂ ಪ್ರಮಾಣಪತ್ರ ದೊರೆಯುತ್ತಿದೆ. ಹೊಸ ಸಂಖ್ಯೆಯ ರೂಟರು ಹಳೆಯ ಫೋನಿನೊಡನೆ ಹಳೆಯ ಭಾಷೆಯಲ್ಲಿಯೇ ಮಾತಾಡಬೇಕು. 'ಎಎಕ್ಸ್3000' ಎಂಬಲ್ಲಿನ 3000 ಯಾವ ಒಂದು ಫೋನಿಗೂ ಸಿಗುವ ವೇಗವಲ್ಲ. ಅದು ಎರಡು ಪಟ್ಟಿಗಳ ಗರಿಷ್ಠ ವೇಗಗಳಾದ 574 ಮತ್ತು 2402ನ್ನು ಕೂಡಿ, ದುಂಡಗೆ ಮಾಡಿದ ಸಂಖ್ಯೆ. ಇನ್ನು ಆಂಟೆನಾಗಳ ಕಾಡಿನ ಮಾತು. ಸಂಪರ್ಕವೆಂಬುದು ಭಾಷಣವಲ್ಲ, ಸಂಭಾಷಣೆ. ರೂಟರು ಎಷ್ಟೇ ಗಟ್ಟಿಯಾಗಿ ಕೂಗಿದರೂ ಅಂಗೈಯೊಳಗಿನ ಫೋನು ತನ್ನ ಸಣ್ಣ ದನಿಯಲ್ಲಿ ಅದಕ್ಕೆ ಉತ್ತರ ಮುಟ್ಟಿಸಬೇಕು. ಫೋನಿನಲ್ಲಿ ಸಂಕೇತದ ಗೆರೆಗಳು ತುಂಬಿದ್ದರೂ ಪುಟ ತೆರೆಯದಿರುವುದಕ್ಕೆ ಈ ಏಕಮುಖತೆಯೂ ಕಾರಣವಾಗುತ್ತದೆ. ಆದ್ದರಿಂದ ದನಿ ಏರಿಸುವುದಕ್ಕಿಂತ ದೂರ ತಗ್ಗಿಸುವುದು ಮೇಲು.

ದೂರ ತಗ್ಗಿಸುವ ಮೊದಲ ಕ್ರಮಕ್ಕೆ ಖರ್ಚು ಕಡಿಮೆ. ಫೈಬರ್ ಜೋಡಿಸುವವರು ತಮಗೆ ಸುಲಭವಾದ ಮೂಲೆಯಲ್ಲಿ, ಬಾಗಿಲ ಪಕ್ಕದಲ್ಲಿ ಅಥವಾ ಟಿವಿಯ ಹಿಂದೆ ರೂಟರನ್ನು ಇಟ್ಟುಹೋಗುತ್ತಾರೆ. ತಂತಿಯನ್ನು ಕೆಲವು ಮೀಟರ್ ಉದ್ದ ಮಾಡಿಸಿ, ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇರಿಸಿದರೆ ಒಂದೆರಡು ಕೋಣೆಗಳ ಮನೆಗೆ ಮಧ್ಯಮ ಬೆಲೆಯ ವೈ-ಫೈ 6 ರೂಟರು ಸಾಮಾನ್ಯವಾಗಿ ಸಾಕು. ಮನೆ ಉದ್ದವಾಗಿದ್ದು ನಡುವೆ ಮೂರು ಗೋಡೆಗಳಿದ್ದರೆ ಒಂದು ದುಬಾರಿ ರೂಟರಿಗಿಂತ ಎರಡು ಸಾಧಾರಣ ಕೇಂದ್ರಗಳು ಮೇಲು. 2016ರಿಂದ ಮನೆಗಳಿಗೆ ಬಂದ ಮೆಶ್ ವ್ಯವಸ್ಥೆಯ ತತ್ತ್ವ ಇದೇ. ಅದರಲ್ಲಿಯೂ ಒಂದು ಗುಟ್ಟಿದೆ. ಕೇಂದ್ರಗಳು ಪರಸ್ಪರ ಗಾಳಿಯಲ್ಲಿಯೇ ಮಾತಾಡಿದರೆ ಅದೇ ಗಾಳಿಯ ಒಂದು ಪಾಲು ಆ ಮಾತಿಗೇ ಖರ್ಚಾಗುತ್ತದೆ. ಎರಡನೆಯ ಕೇಂದ್ರಕ್ಕೆ ಒಂದು ತಂತಿ ಎಳೆಸಿದರೆ ಆ ನಷ್ಟವಿಲ್ಲ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲಾಗದಿದ್ದರೆ ಎರಡನೆಯದನ್ನು ಸಂಪರ್ಕ ಸತ್ತ ಕೋಣೆಯಲ್ಲಿ ಇಡದೆ, ಸಂಪರ್ಕ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ತಾನೇ ಕೇಳಿಸಿಕೊಳ್ಳಲಾರದ್ದನ್ನು ಅದು ಇತರರಿಗೆ ದಾಟಿಸಲಾರದು.

ಕೊನೆಯದಾಗಿ ಬೀಗದ ಮಾತು. ಮೊದಲ ಮಾನದಂಡದೊಡನೆ ಬಂದ ವೆಪ್ ಎಂಬ ರಕ್ಷಣೆಯನ್ನು ಗಣಿತಜ್ಞರು 2001ರಲ್ಲಿಯೇ ಒಡೆದು ತೋರಿಸಿದರು. 2003ರಲ್ಲಿ ಡಬ್ಲ್ಯುಪಿಎ, ಮರುವರ್ಷ ಅದರ ಎರಡನೆಯ ರೂಪ, 2018ರಲ್ಲಿ ಮೂರನೆಯದು ಬಂದವು. ಬೀಗ ಹಾಕದೆ ಬಿಟ್ಟರೆ ಏನಾದೀತೆಂಬುದನ್ನು ಮುಂಬಯಿಯ ಓದುಗರಿಗೆ ನಾವು ನೆನಪಿಸಬೇಕಾಗಿಲ್ಲ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳ ಹೊಣೆ ಹೊತ್ತು ಬಂದ ಇ-ಮೇಲ್ ನವಿ ಮುಂಬಯಿಯ ಒಂದು ಮನೆಯ ತೆರೆದ ವೈ-ಫೈ ಮೂಲಕ ಹೊರಟಿತ್ತು. ಏನೂ ಅರಿಯದ ಆ ಮನೆಯವರು ತನಿಖೆ ಎದುರಿಸಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ಸುರಕ್ಷಿತ ವೈ-ಫೈ ಕುರಿತು ಸಂಪರ್ಕ ನೀಡುವ ಕಂಪನಿಗಳಿಗೆ ಸೂಚನೆ ಕಳುಹಿಸಿತು. ಆದುದರಿಂದ ಕೊಳ್ಳುವಾಗ ಡಬ್ಲ್ಯುಪಿಎ3 ಇದೆಯೇ, ತಯಾರಕರು ತಂತ್ರಾಂಶವನ್ನು ಎಷ್ಟು ವರ್ಷ ಪರಿಷ್ಕರಿಸುವರು ಎಂದು ಕೇಳುವುದು ಆಂಟೆನಾ ಎಣಿಸುವುದಕ್ಕಿಂತ ಮುಖ್ಯ. ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು.

ಪರವಾನಗಿ ಹೋಯಿತೆಂದರೆ ಹೊಣೆ ಹೋಯಿತೆಂದಲ್ಲ. ಗೋಮಾಳದಲ್ಲಿ ಎಲ್ಲರ ದನವೂ ಮೇಯಬೇಕು. ಅಗತ್ಯಕ್ಕಿಂತ ಗಟ್ಟಿಯಾಗಿ ಕೂಗುವ ರೂಟರು ನೆರೆಮನೆಯ ತರಗತಿಯನ್ನು ಕೆಡಿಸುತ್ತದೆ, ಅವರದ್ದು ನಮ್ಮದನ್ನು. ಈ ವಾರಾಂತ್ಯ ಫೋನು ಹಿಡಿದು ಕೋಣೆಯಿಂದ ಕೋಣೆಗೆ ನಡೆದು ವೇಗವನ್ನು ಅಳೆದು ಬರೆದುಕೊಳ್ಳೋಣ. ಅಳತೆಯನ್ನು ಹಜಾರದಿಂದಲ್ಲ, ಹಿರಿಯರ ಕೋಣೆಯಿಂದ ಆರಂಭಿಸೋಣ.